ಕೆಂಡಮ್ಮನ ಕಟ್ಟೆ

ನನಗೆ ಅನುಮಾನದ ರೋಗ ಇದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದೆ, ಇಲ್ಲವೆನ್ನುವುದಿಲ್ಲ. ಹಾಲಿನ ಚೊಂಬು ಕಂಡರೆ ನನ್ನ ಕಣ್ಣಿಗೆ ಹಾಲಿಗಿಂತ ಮೊದಲು ನೀರು ಕಾಣುತ್ತದೆ. ಯಾರಾದರೂ ಸುಮ್ಮಸುಮ್ಮನೆ ನಕ್ಕು ಮಾತಾಡಿಸಿದರೆ ಇವರು ಏನು ಕೇಳಲು ಬಂದಿದ್ದಾರೆ ಎಂದು ಯೋಚಿಸುತ್ತೇನೆ. ಸೊಸೆಯಂದಿರು ಬೆನ್ನ ಹಿಂದೆ 'ಅನುಮಾನಂ ಪೆದ್ದರೋಗಂ' ಎಂದು ಆಡಿಕೊಳ್ಳುವುದೂ ಗೊತ್ತು. ಆಡಿಕೊಳ್ಳಲಿ. ಈ ರೋಗ ಒಂದು ಪಾಲು ನಮ್ಮ ಅಜ್ಜಿಯಿಂದ ಬಂದದ್ದು. ಉಳಿದ ಪಾಲು ಕಡೂರು ಸ್ಟೇಷನ್ನಿನ ಮುಂದೆ ನಿಲ್ಲಿಸಿದ್ದ ಒಂದು ಹಳೆಯ ಎಂಜಿನ್ನಿನಿಂದ ಬಂದದ್ದು.

ಮಹಾರಾಜರ ಕಾಲ ಅದು. ನನಗೆ ಎಂಟೋ ಒಂಬತ್ತೋ ವಯಸ್ಸು. ನಮ್ಮ ಮನೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿತ್ತು. ಹಿತ್ತಲಿನಲ್ಲಿ ನಮ್ಮದೇ ತೆಂಗಿನ ಮರಗಳು, ಅದರಾಚೆ ರಾಗಿ, ಹುರುಳಿ ಬೆಳೆಯುವ ಹೊಲ, ಹೊಲದ ಬದು ದಾಟಿದರೆ ರೈಲಿನ ಕಂಬಿ. ಗಾಡಿ ಬಂದಾಗ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ಅದುರುತ್ತಿದ್ದವು. ಹೊಸಬರು ಬೆಚ್ಚುತ್ತಿದ್ದರು, ನಮಗೆ ಅಭ್ಯಾಸವಾಗಿತ್ತು.

ಒಂದು ದಿನ ಕಲ್ಲು ಕೆಲಸದವರು ಬಂದು ಸ್ಟೇಷನ್ನಿನ ಮುಂದಿನ ಬಯಲಿನಲ್ಲಿ ಕಟ್ಟೆ ಕಟ್ಟತೊಡಗಿದರು. ಸೊಂಟದೆತ್ತರದ, ಉದ್ದನೆಯ ಕಟ್ಟೆ. ಊರಿಗೆ ಊರೇ ನೋಡಲು ಹೋಯಿತು. ನಮ್ಮ ಕಡೆ ಕಟ್ಟೆ ಕಟ್ಟುವುದು ಅರಳಿಮರಕ್ಕೆ, ಇಲ್ಲವೇ ದೇವರಿಗೆ, ಅದೂ ಇಲ್ಲದಿದ್ದರೆ ಸತ್ತವರಿಗೆ. ಅಲ್ಲಿ ಮರ ಇರಲಿಲ್ಲ. ಹಾಗಾದರೆ ಉಳಿದದ್ದು ದೇವರು ಅಥವಾ ಸಮಾಧಿ. ಇದರಲ್ಲಿ ಯಾವುದು ಎಂದು ಜನ ಜಗಲಿಯ ಮೇಲೆ ಕೂತು ಚರ್ಚೆ ಮಾಡುತ್ತಿರುವಾಗಲೇ ಒಂದು ಹಳೆಯ ಎಂಜಿನ್ನನ್ನು ಹಗ್ಗ ಹಾಕಿ, ಹಾರೆ ಕೊಟ್ಟು, ಐಸಾ ಐಸಾ ಎಂದು ಎಳೆದು ತಂದು ಆ ಕಟ್ಟೆಯ ಮೇಲೆ ನಿಲ್ಲಿಸಿಯೇಬಿಟ್ಟರು. ಮೈಗೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ಹೊಗೆ ಕೊಳವೆಯ ಸುತ್ತ ಇದ್ದ ಹಿತ್ತಾಳೆಯ ಪಟ್ಟಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದರು. ಸುತ್ತ ಸರಪಳಿ ಬಿಗಿದರು. ಯಾರೋ ದೊಡ್ಡ ಸಾಹೇಬರು ಬರುವವರಿದ್ದರಂತೆ; ಹಳೆಯ ಎಂಜಿನ್ನೊಂದನ್ನು ಜನ ನೋಡಲಿ ಎಂದು ಅಂದವಾಗಿ ಇಡಬೇಕೆಂದು ಹುಕುಂ ಆಗಿತ್ತಂತೆ.

ಈ ಮಾತನ್ನು ನಮ್ಮ ಅಜ್ಜಿ ನಂಬಲಿಲ್ಲ. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಯಜಮಾನಿಕೆ ಅವಳದೇ. ತುಪ್ಪವನ್ನು ಮೂಸಿ ನೋಡದೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಅವಳು ಒಳಗೆ ತೆಗೆದುಕೊಂಡವಳಲ್ಲ.

"ನೋಡೋಕೆ ಅಂತ ಯಾರಾರ ಎಂಜಿನ್ನ ಕಟ್ಟೆ ಮೇಲೆ ಕೂರಿಸ್ತಾರೇನೇ? ದಿನಾ ಮನೆ ಹಿಂದ್ಗಡೆ ಹೋಗೋದ್ನ ನೋಡ್ತಾನೇ ಇದೀವಲ್ಲ. ಏನೋ ಐತೆ ಇದ್ರಲ್ಲಿ" ಎಂದಳು.

ಆ 'ಏನೋ' ಯಾವುದು ಎಂಬುದು ಎರಡೇ ದಿನಕ್ಕೆ ಊರಿಗೆ ಗೊತ್ತಾಯಿತು. ಕಲ್ಲು ಕೆಲಸದವರು ಸ್ಟೇಷನ್ನಿನ ಹಮಾಲಿಯನ್ನು ಕೇಳಿದ್ದರಂತೆ, ಇದನ್ನು ಯಾಕೆ ಇಲ್ಲಿ ನಿಲ್ಲಿಸಿದ್ದು ಎಂದು. ಅವನು ಬೀಡಿ ಸೇದುತ್ತ, "ಅದು ಕಂಡಮ್ ಆಗೈತೆ" ಎಂದನಂತೆ. ಅವನು ಹೇಳಿದ್ದು ರೈಲಿನವರ ಮಾತು. ಇವರು ಕೇಳಿಸಿಕೊಂಡದ್ದು ನಮ್ಮೂರಿನ ಮಾತು. ಸಂಜೆಯ ಹೊತ್ತಿಗೆ ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಹೇಳುತ್ತಿದ್ದುದು ಒಂದೇ: "ಎಂಜಿನ್ನು ಕೆಂಡಮ್ಮ ಆಗೈತಂತೆ ಕಣ್ರೇ!"

ಯಾರೂ ಅನುಮಾನಪಡಲಿಲ್ಲ. ಅನುಮಾನಪಡುವುದಕ್ಕೆ ಏನಿತ್ತು? ಹುಟ್ಟಿದಾಗಿನಿಂದ ಹೊಟ್ಟೆಯಲ್ಲಿ ಕೆಂಡ ತುಂಬಿಕೊಂಡು ಓಡಾಡಿದ್ದು ಕೆಂಡಮ್ಮನಲ್ಲದೆ ಇನ್ನೇನಾದೀತು? ಕಟ್ಟೆಗೂ ಅರ್ಥ ಸಿಕ್ಕಿತು, ಸರಪಳಿಗೂ ಅರ್ಥ ಸಿಕ್ಕಿತು. ಮುಂದಿನ ಶುಕ್ರವಾರ ಹೋಗಿ ನೋಡಿದರೆ ಎಂಜಿನ್ನಿನ ಮೂತಿಗೆ ಅರಿಶಿನ ಕುಂಕುಮ ಬಿದ್ದಿತ್ತು. ಡಬ್ಬಿ ಸಿಕ್ಕಿಸುವ ಕೊಕ್ಕೆಗೆ ನಿಂಬೆಹಣ್ಣು ಚುಚ್ಚಿದ್ದರು. ಸಿಂಗಟಗೆರೆ ಕಡೆಯಿಂದ ಸಂತೆಗೆ ಬಂದವರು ಗಾಡಿ ನಿಲ್ಲಿಸಿ ಕೈಮುಗಿದು ಹೋಗುತ್ತಿದ್ದರು. ಸ್ಟೇಷನ್ ಮಾಸ್ಟರು ಮೊದಲು ನಕ್ಕರು. ಆಮೇಲೆ ಬಣ್ಣದ ಮೇಲೆಲ್ಲ ಎಣ್ಣೆ ಸುರಿಯುವುದನ್ನು ಕಂಡು ಸಿಡುಕಿದರು. ಆಮೇಲೆ ಅವರೂ ಸುಮ್ಮನಾದರು.

ಇಷ್ಟೇ ಆಗಿದ್ದರೆ ನಗೆಪಾಟಲಿನ ಸಂಗತಿಯಾಗಿ ಮುಗಿದುಹೋಗುತ್ತಿತ್ತು. ಆದರೆ ಅದು ನಮ್ಮ ಮಾವ ಕೆಲಸ ಮಾಡುತ್ತಿದ್ದ ಎಂಜಿನ್ನು.

ಮಾವ ಎಂದರೆ ನನ್ನ ಸೋದರತ್ತೆಯ, ಅಂದರೆ ಅಪ್ಪನ ತಂಗಿಯ ಗಂಡ. ಅಜ್ಜಂಪುರದವನು. ಅಲ್ಲಿ ತಮ್ಮನ ಜೊತೆ ಹೊಲ ಇತ್ತು, ಖಾತೆ ಮಾವನ ಹೆಸರಿನಲ್ಲೇ. ಉಳುವುದು ಬೇಡವೆಂದು ರೈಲಿನಲ್ಲಿ ಒಲೆಗೆ ಬೆಂಕಿ ಹಾಕುವ ಕೆಲಸಕ್ಕೆ ಸೇರಿದ್ದ. ಅತ್ತೆಯೂ ಅವನೂ ಸ್ಟೇಷನ್ನಿನ ಹತ್ತಿರವೇ ಸಣ್ಣ ಮನೆ ಮಾಡಿದ್ದರು. ಹಗಲೆಲ್ಲ ಅತ್ತೆ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಎಂಜಿನ್ನು ನಮ್ಮ ಹಿತ್ತಲು ದಾಟುವಾಗ ಮಾವ ಎರಡು ಸಲ ಚಿಕ್ಕದಾಗಿ ಸಿಳ್ಳು ಹಾಕಿಸುತ್ತಿದ್ದ. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಲಿಗೆ ಓಡುತ್ತಿದ್ದಳು. ಬಿಳಿ ಹಲ್ಲು, ಕಪ್ಪು ಮುಖ, ಕಿಟಕಿಯಿಂದ ಹೊರಗೆ ಒಂದು ಕೈ, ಅಷ್ಟೇ ನನಗೆ ಅವನ ನೆನಪು. ನನಗೆ ಅವನು ಇಷ್ಟವಾಗಿದ್ದ.

ಆ ಕಟ್ಟೆ ಕಟ್ಟುವುದಕ್ಕೆ ಮೂರು ಮಳೆಗಾಲ ಮೊದಲು ಒಂದು ದಿನ ತರೀಕೆರೆಯಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ನಿಲ್ಲಿಸಿದಾಗ, ಕೈಕಾಲು ತೊಳೆದು ಬರುತ್ತೇನೆ ಎಂದು ಇಳಿದವನು ಮತ್ತೆ ಹತ್ತಲಿಲ್ಲ. ಅಪ್ಪ ತರೀಕೆರೆಗೆ ಹೋಗಿ ಕೆರೆ, ಬಾವಿ ಎಲ್ಲ ಹುಡುಕಿಕೊಂಡು ಬಂದ. ಕಾಡಿನ ದಾರಿಯಲ್ಲಿ ಹುಲಿ ಹಿಡಿದಿರಬಹುದು ಎಂದರು ಕೆಲವರು. ಹುಲಿ ಹಿಡಿದರೆ ಪಂಚೆಯಾದರೂ ಸಿಗಬೇಡವೇ ಎಂದರು ಇನ್ನು ಕೆಲವರು. ಏನೂ ಸಿಗಲಿಲ್ಲ. ಅತ್ತೆ ಪಾತ್ರೆಪಗಡ ಕಟ್ಟಿಕೊಂಡು ನಮ್ಮ ಮನೆಗೇ ಬಂದುಬಿಟ್ಟಳು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹಸಿರು ಗಾಜಿನ ಬಳೆ ಹಾಗೆಯೇ ಇದ್ದವು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕು, ಅಲ್ಲಿಯವರೆಗೆ ಏನನ್ನೂ ತೆಗೆಯಕೂಡದು ಎಂದು ಅಪ್ಪ ಹೇಳಿದ್ದ. ಆಮೇಲೂ ಯಾವ ಎಂಜಿನ್ನಾದರೂ ಎರಡು ಸಲ ಸಿಳ್ಳು ಹಾಕಿದರೆ ಅತ್ತೆ ಹಿತ್ತಲಿಗೆ ಹೋಗುತ್ತಿದ್ದಳು. ಓಡುತ್ತಿರಲಿಲ್ಲ, ಏನೋ ತರಲು ಹೊರಟವಳಂತೆ ನಡೆದು ಹೋಗುತ್ತಿದ್ದಳು. ನಾವು ಯಾರೂ ಅತ್ತ ನೋಡುತ್ತಿರಲಿಲ್ಲ.

ಈಗ ಅದೇ ಎಂಜಿನ್ನು ಕೆಂಡಮ್ಮನಾಗಿ ಕೂತಿತ್ತು. ಜನ ಸುಮ್ಮನಿರುತ್ತಾರೆಯೇ? ಬಲಿ ತೆಗೆದುಕೊಳ್ಳದೆ ಯಾವ ಮಾರಿಯಾದರೂ ಕಟ್ಟೆ ಏರುತ್ತದೆಯೇ ಎಂದು ಒಬ್ಬರು ಅಂದರು. ಒಲೆಯ ಬಾಯಿ ಎಷ್ಟಗಲ ಇದೆ ನೋಡಿದಿರಾ ಎಂದು ಇನ್ನೊಬ್ಬರು ಅಂದರು. ಅತ್ತೆ ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಆಗ ನಮ್ಮ ಬೀದಿಯಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ.

ನಾನೂ ಆ ಎಂಜಿನ್ನನ್ನು ನಂಬಿರಲಿಲ್ಲ. ಅದು ಸತ್ತಿದೆ ಎಂದು ದೊಡ್ಡವರು ಹೇಳುತ್ತಿದ್ದರು. ಆದರೆ ಸಂಜೆ ಬಿಸಿಲಿಳಿದ ಮೇಲೆ ಅದರ ಹೊಟ್ಟೆಗೆ ಕಿವಿಯಿಟ್ಟರೆ ಒಳಗೆ ಟಕ್, ಟಕ್ ಎಂದು ಸದ್ದಾಗುತ್ತಿತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಕಾದ ಕಬ್ಬಿಣ ಆರುವಾಗ ಸದ್ದು ಮಾಡುತ್ತದೆ ಎಂದು ಈಗ ಗೊತ್ತು. ಆಗ ನನಗೆ ಒಳಗೆ ಮಾವ ಬಾಗಿಲು ಬಡಿಯುತ್ತಿದ್ದಾನೆ ಎನ್ನಿಸುತ್ತಿತ್ತು. ಹೆದರಿಕೊಂಡು ಮನೆಗೆ ಓಡುತ್ತಿದ್ದೆ. ಮಾರನೆಯ ಸಂಜೆ ಮತ್ತೆ ಹೋಗಿ ಕಿವಿಯಿಡುತ್ತಿದ್ದೆ.

ಅದೇ ದಿನಗಳಲ್ಲಿ ಬಳೆಗಾರ ಬಂದ. ವರ್ಷಕ್ಕೆರಡು ಸಲ ಬೆನ್ನಿಗೆ ಬಳೆಯ ಮಲಾರ ಹೊತ್ತು ಬರುತ್ತಿದ್ದವನು. ಅವನು ಬಂದರೆ ನಮ್ಮ ಜಗಲಿಯಲ್ಲೇ ಹೆಂಗಸರೆಲ್ಲ ಸೇರುತ್ತಿದ್ದರು. ಮೊದಲು ಕೈ ಚಾಚುತ್ತಿದ್ದವಳು ಅತ್ತೆ. ಆ ಸಲ ಅಜ್ಜಿಯೂ ಅವನೂ ಹಸುವಿನ ಕೊಟ್ಟಿಗೆಯ ಹತ್ತಿರ ನಿಂತು ಏನೋ ಮಾತಾಡಿದರು. ಆಮೇಲೆ ಅಜ್ಜಿ ಅವನಿಗೆ ರಾಗಿ ಕೊಟ್ಟು, ಮಲಾರ ಬಿಚ್ಚುವ ಮೊದಲೇ ಕಳಿಸಿಬಿಟ್ಟಳು. ಅತ್ತೆ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ.

"ಯಾಕವ್ವ ಕಳಿಸ್ಬಿಟ್ಟೆ?" ಎಂದು ಅತ್ತೆ ಕೇಳಿದಳು.

"ಈ ಸಲ ಬಳೆ ಚೆನ್ನಾಗಿಲ್ಲ ಕಣೇ, ಬರೀ ಒಡಕು" ಎಂದಳು ಅಜ್ಜಿ.

ಮಲಾರ ಬಿಚ್ಚಿರಲೇ ಇಲ್ಲ. ಬಳೆ ಒಡಕು ಎಂದು ಅಜ್ಜಿಗೆ ಹೇಗೆ ಗೊತ್ತಾಯಿತು? ನನ್ನ ತಲೆಗೆ ಅನುಮಾನದ ಹುಳು ಮೊದಲು ಹೊಕ್ಕಿದ್ದು ಅವತ್ತು.

ಸ್ವಲ್ಪ ದಿನದಲ್ಲೇ ಅಜ್ಜಂಪುರದಿಂದ ಅತ್ತೆಯ ಮೈದುನ, ಅಂದರೆ ಮಾವನ ತಮ್ಮ ಬಂದ. ಎಂದೂ ಬರಿಗೈಯಲ್ಲಿ ಬರುತ್ತಿದ್ದವನು ಆ ಸಲ ಬೆಲ್ಲ, ಬಾಳೆಹಣ್ಣು ತಂದಿದ್ದ. ಅಷ್ಟು ಸಾಕಾಗಿತ್ತು ನನಗೆ. ಅವನು ನೇರವಾಗಿ ಕೆಂಡಮ್ಮನಿಗೆ ಕಾಯಿ ಒಡೆದು ಬಂದವನು, ಹಣೆಯಲ್ಲಿ ದೊಡ್ಡ ಕುಂಕುಮ. ನಡುಮನೆಯಲ್ಲಿ ಕೂತು ದೊಡ್ಡ ನಿಟ್ಟುಸಿರು ಬಿಟ್ಟ.

"ನೋಡ್ರಮ್ಮ, ಇನ್ನೇನ್ ಮುಚ್ಚುಮರೆ. ಊರೆಲ್ಲ ಅಂತೈತೆ. ಕೆಂಡಮ್ಮ ತಗಂಡಿರೋದು ನಮ್ಮಣ್ಣನ್ನೇ. ಆ ಅಮ್ಮನ ಮುಂದೇನೇ ಅತ್ತಿಗೆ ಬಳೆ ತೆಗೆಸಿ, ಎಡೆ ಇಟ್ಬಿಟ್ರೆ ಅವ್ನ ಆತ್ಮಕ್ಕೂ ನೆಮ್ಮದಿ, ನಮಗೂ ಒಂದು ದಾರಿ."

"ನಿಂಗ್ಯಾವ ದಾರಿನಪ್ಪಾ?" ಎಂದು ಅಪ್ಪ ಕೇಳಿದ.

ಮೈದುನ ಕೆಮ್ಮಿದ. "ಏನಿಲ್ಲ, ಹೊಲ ಅಣ್ಣನ ಹೆಸ್ರಲ್ಲೇ ಐತಲ್ಲ. ಪೌತಿ ಖಾತೆ ಮಾಡ್ಬೇಕಂದ್ರೆ ಸತ್ತಿರೋದು ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತಾರೆ ಶಾನುಭೋಗ್ರು."

ಸತ್ತವರ ಹೆಸರಿನ ಜಮೀನನ್ನು ಇದ್ದವರ ಹೆಸರಿಗೆ ಮಾಡುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅಪ್ಪನ ಮುಖ ಕೆಂಪಾಯಿತು. ಅಲ್ಲಿಗೆ ಇವನ ಕಥೆ ಮುಗಿಯಿತು, ಅಜ್ಜಿ ಈಗ ಇವನ ಬಾಳೆಹಣ್ಣನ್ನು ಇವನ ಕೈಗೇ ಕೊಟ್ಟು ಕಳಿಸುತ್ತಾಳೆ ಎಂದು ನಾನು ಕಾದೆ. ಅಜ್ಜಿ ಬಾಳೆಹಣ್ಣನ್ನು ಒಳಗಿಟ್ಟು ಬಂದಳು. ಆಮೇಲೆ, "ಆಗ್ಲಿ ಬಿಡು. ಅಮಾಸೆ ದಿನ ಮಾಡಾಣ" ಎಂದಳು.

ಬಾಗಿಲ ಮರೆಯಲ್ಲಿದ್ದ ಅತ್ತೆ ಕೈಯಲ್ಲಿನ ಬಳೆಗಳನ್ನು ಮೊಳಕೈವರೆಗೆ ಸರಿಸಿ ಒತ್ತಿ ಹಿಡಿದುಕೊಂಡಳು, ಸದ್ದಾಗದ ಹಾಗೆ. ಹೆತ್ತವಳ ಎದುರು ಮಾತಾಡುವ ಕಾಲವಲ್ಲ ಅದು. ಆ ಬಳೆ ಹೋದರೆ ಅವಳಿಗೆ ಹೂವಿಲ್ಲ, ಕುಂಕುಮವಿಲ್ಲ, ಮದುವೆಮನೆಯಲ್ಲಿ ಮುಂದೆ ನಿಲ್ಲುವಂತಿಲ್ಲ. ಎರಡು ಸಿಳ್ಳು ಕೇಳಿದರೆ ಹಿತ್ತಲಿಗೆ ಹೋಗಲು ನೆಪವೂ ಇಲ್ಲ. ಅವಳಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಿರಬೇಕು.

ನನಗೆ ಮೈದುನನ ಮೇಲೆ ಇದ್ದುದಕ್ಕಿಂತ ಹೆಚ್ಚು ಅನುಮಾನ ಅಜ್ಜಿಯ ಮೇಲೆ ಬಂತು. ಮೈದುನನ ಲೆಕ್ಕ ಮಕ್ಕಳಿಗೂ ಅರ್ಥವಾಗುವಂಥದು. ಆದರೆ ದೇವರ ಪ್ರಸಾದವನ್ನೂ ಮೂಸಿ ನೋಡಿ ತಿನ್ನುವ ಅಜ್ಜಿ ಮೈದುನನ ಮಾತನ್ನು ಒಂದೇ ಏಟಿಗೆ ಒಪ್ಪಿಕೊಂಡಳು ಎಂದರೆ, ಅವಳಿಗೆ ನಮಗೆ ಗೊತ್ತಿಲ್ಲದ್ದು ಏನೋ ಗೊತ್ತಿದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ನಮ್ಮ ಕೋಳಿಯ ವಿಷಯ ಹೊರಬಿತ್ತು. ಒಂದು ಕರಿ ಹ್ಯಾಟೆ ಬಹಳ ದಿನದಿಂದ ಕಾಣೆಯಾಗಿತ್ತು. ಅಜ್ಜಿ ಪಕ್ಕದ ಮನೆಯವರೇ ಸಾರು ಮಾಡಿದ್ದಾರೆಂದು ಗೋಡೆಯ ಮೇಲಿಂದ ಜಗಳವಾಡಿದ್ದಳು. ಆ ಮನೆಯವಳು ಸೋಲಲಿಲ್ಲ. "ನಿಮ್ ಕೋಳಿನ ಕೆಂಡಮ್ಮ ತಗಂಡೈತೆ, ಹೋಗಿ ಅವ್ಳನ್ನೇ ಕೇಳಿ" ಎಂದಿದ್ದಳು. ಆ ಮಧ್ಯಾಹ್ನ ಎಲ್ಲರೂ ಉಂಡು ಮಲಗಿರುವಾಗ ನಾನು ಕೇಳಲು ಹೋದೆ.

ಸರಪಳಿಯ ಕೆಳಗೆ ನುಸುಳಿ ಕಟ್ಟೆ ಹತ್ತಿದೆ. ಅಲ್ಲಿಂದ ಎಂಜಿನ್ನಿನ ಮೆಟ್ಟಿಲು ಹಿಡಿದು, ಮಾವ ನಿಲ್ಲುತ್ತಿದ್ದ ಜಾಗಕ್ಕೆ ಹತ್ತಿದೆ. ಒಲೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು. ಆ ಕತ್ತಲಲ್ಲಿ ಎರಡು ಕಣ್ಣು ಮಿಣುಗಿದವು. ಕಿರುಚಬೇಕೆಂದಿದ್ದವಳು ಯಾಕೋ ಕಿರುಚಲಿಲ್ಲ. ಕೊರ್ ಎಂಬ ಆ ಸದ್ದು ನನಗೆ ಗೊತ್ತಿದ್ದ ಸದ್ದು. ಬೂದಿಯಲ್ಲಿ ಗೂಡು ಮಾಡಿಕೊಂಡು ನಮ್ಮ ಕರಿ ಹ್ಯಾಟೆ ಕೂತಿತ್ತು. ಅದರ ರೆಕ್ಕೆಯ ಕೆಳಗಿನಿಂದ ಹಳದಿ ಮರಿಗಳು ಇಣುಕಿ ನೋಡುತ್ತಿದ್ದವು. ಕೈ ಹಾಕಿದ್ದಕ್ಕೆ ಹ್ಯಾಟೆ ಕುಕ್ಕಿತು. ಆದರೂ ಒಂದು ಮರಿಯನ್ನು ಲಂಗದಲ್ಲಿ ಕಟ್ಟಿಕೊಂಡು ಇಳಿದುಬಂದೆ.

ಅತ್ತೆ ಕೊಟ್ಟಿಗೆಯ ಹಿಂದೆ ಬೆರಣಿ ತಟ್ಟುತ್ತಿದ್ದಳು. ಮರಿಯನ್ನು ಅವಳ ಮುಂದೆ ಬಿಟ್ಟೆ.

"ಎಲ್ಲಿತ್ತೇ ಇದು?"

"ಕೆಂಡಮ್ಮನ ಹೊಟ್ಟೇಲಿ. ಹ್ಯಾಟೆನೂ ಅಲ್ಲೇ ಐತೆ. ಮರಿ ಮಾಡೈತೆ."

ಅತ್ತೆ ಸಗಣಿಯ ಕೈಯನ್ನು ಹಾಗೆಯೇ ಹಿಡಿದುಕೊಂಡು ಮರಿಯನ್ನು ನೋಡಿದಳು.

"ಅತ್ತೆ, ತಿನ್ನೋ ದೇವ್ರಾಗಿದ್ರೆ ಕೋಳಿನ ಬಿಡ್ತಿತ್ತಾ?" ಎಂದೆ.

ಅವಳು ನಕ್ಕಳು. ಮಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಾನು ಅವತ್ತೇ ಬಳೆಗಾರನ ವಿಷಯವನ್ನೂ ಹೇಳಿಬಿಟ್ಟೆ, ಮಲಾರ ಬಿಚ್ಚದೆಯೇ ಅಜ್ಜಿ ಬಳೆ ಒಡಕು ಎಂದದ್ದನ್ನು. ಅತ್ತೆ ಸಗಣಿಯ ಕೈ ತೊಳೆದುಕೊಂಡಳು. ಮರಿಯನ್ನು ವಾಪಸು ಬಿಟ್ಟು ಬಾ, ತಾಯಿ ಹುಡುಕುತ್ತದೆ ಎಂದಳು.

ಅಮಾವಾಸ್ಯೆಯ ದಿನ ಬೆಳಗ್ಗೆ ಕಟ್ಟೆಯ ಮುಂದೆ ಸೇರಿದೆವು. ಅಜ್ಜಿ, ಅಪ್ಪ, ಮೈದುನ, ಬೀದಿಯ ನಾಲ್ಕಾರು ಹೆಂಗಸರು. ಬಾಳೆಎಲೆಯ ಮೇಲೆ ಮಾವನಿಗೆ ಇಷ್ಟವಾದ ಮುದ್ದೆ, ಹುರುಳಿ ಸಾರು ಎಡೆ ಇಟ್ಟಿದ್ದರು. ಬಳೆ ಒಡೆಯಲು ಬಂದಿದ್ದ ಮುದುಕಿ ಒಂದು ಗುಂಡುಕಲ್ಲನ್ನು ಸೆರಗಿನಲ್ಲಿ ಹಿಡಿದುಕೊಂಡಿದ್ದಳು. ನಾನು ಅತ್ತೆಯ ಸೀರೆಯನ್ನು ಹಿಡಿದು ಎಳೆಯುತ್ತಿದ್ದೆ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಮುದುಕಿ ಕೈ ಹಿಡಿಯಲು ಬಂದಾಗ ಅತ್ತೆ, "ಒಂಚೂರು ತಡಿ" ಎಂದು ನೇರವಾಗಿ ಸ್ಟೇಷನ್ನಿನ ಬಾಗಿಲಿಗೆ ನಡೆದಳು. ಗದ್ದಲ ಕೇಳಿ ಹೊರಗೆ ಬಂದಿದ್ದ ಸ್ಟೇಷನ್ ಮಾಸ್ಟರು ಅಲ್ಲೇ ನಿಂತಿದ್ದರು.

"ಸ್ವಾಮಿ, ಈ ಎಂಜಿನ್ನು ಯಾರ್ನ ತಗಂಡಿದ್ದಕ್ಕೆ ಇದ್ನ ಇಲ್ಲಿ ಕೂರಿಸಿದ್ದು?"

ಅವರಿಗೆ ಅರ್ಥವಾಗಲಿಲ್ಲ. "ತಗೊಳ್ಳೋದೇನಮ್ಮ? ಅದು ಯಾರನ್ನೂ ತಗೊಂಡಿಲ್ಲ."

"ಮತ್ತೆ ಕೆಂಡಮ್ಮ ಆಗೈತೆ ಅಂತಾರಲ್ಲ?"

ಆಗ ಅವರಿಗೆ ಇಡೀ ವ್ಯವಹಾರ ತಿಳಿಯಿತೆಂದು ಕಾಣುತ್ತದೆ. ನಗು ತಡೆದುಕೊಂಡರು, ಆಮೇಲೆ ಮುದುಕಿಯ ಕೈಯಲ್ಲಿದ್ದ ಕಲ್ಲನ್ನು ಕಂಡು ಆ ನಗುವೂ ಹೋಯಿತು.

"ಕೆಂಡಮ್ಮ ಅಲ್ಲಮ್ಮ, ಕಂಡಮ್. ಅದು ಇಂಗ್ಲಿಷು ಮಾತು. ಹಳೇದಾಯ್ತು, ಸವೆದುಹೋಯ್ತು, ಇನ್ನು ಇದು ಬೇಡ ಅಂತ ಬಿಟ್ಟುಬಿಟ್ಟರೆ ಕಂಡಮ್ ಅಂತಾರೆ. ಅಷ್ಟೇ."

"ಮತ್ತೆ ನಮ್ಮಣ್ಣ ಎಲ್ಲೋದ?" ಎಂದು ಮೈದುನ ಮುಂದೆ ಬಂದ.

"ತರೀಕೆರೇಲಿ ತಾನಾಗೇ ಇಳಿದು ಹೋದ ಅಂತ ಡ್ರೈವರು ಅವತ್ತೇ ಹೇಳಿದಾನಲ್ಲಪ್ಪ. ಮನುಷ್ಯ ಒಲೆಗೆ ಬಿದ್ದಿದ್ದರೆ ಪಕ್ಕದಲ್ಲಿದ್ದವನಿಗೆ ಗೊತ್ತಾಗುತ್ತಿರಲಿಲ್ಲವೇ?"

ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ. ಮೈದುನ ರೇಗಾಡಿದ, ಇಂಗ್ಲಿಷು ಓದಿದವರಿಗೆ ದೇವರ ಭಯವಿಲ್ಲ ಎಂದ, ಹೆಂಗಸರ ಕಡೆ ತಿರುಗಿ ನ್ಯಾಯ ಕೇಳಿದ. ಅಷ್ಟರಲ್ಲಿ ನಮ್ಮ ಕರಿ ಹ್ಯಾಟೆ ಒಲೆಯಿಂದ ಹೊರಬಂದು, ಮರಿಗಳನ್ನು ಕೊಕ್ಕೊಕ್ಕೋ ಎಂದು ಕರೆಯುತ್ತ ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತಿತು. ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಮೈದುನ ಮುಂದಿನ ಗಾಡಿಗೇ ಅಜ್ಜಂಪುರಕ್ಕೆ ಹೋದ.

ಅತ್ತೆ ಮಾತ್ರ ನಗಲಿಲ್ಲ. ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಸೆರಗೇ ಕಣ್ಣಿಗೆ ಬರುತ್ತದೆ.

ಅಪ್ಪ ಎಡೆಯ ಎಲೆ ಎತ್ತಲು ಹಿಂದೆ ಉಳಿದ. ನಾವು ಮೂವರೇ ಮನೆಯ ಕಡೆ ನಡೆದೆವು. ದಾರಿಯಲ್ಲಿ ಹುಣಸೆಮರದ ಕೆಳಗೆ ಅಜ್ಜಿ ಬೇರಿನ ಮೇಲೆ ಕೂತಳು. ಅತ್ತೆ ಅವಳ ಮುಂದೆ ನಿಂತಳು.

"ಬಳೆಗಾರ ಏನಂದ ಅವ್ವ?"

ಅಜ್ಜಿ ನನ್ನ ಕಡೆ ಒಂದು ನೋಟ ನೋಡಿದಳು. ನಾನು ಮರದ ಹಿಂದೆ ಸರಿದೆ.

"ನಿನ್ ಗಂಡನ್ನ ದಾವಣಗೆರೇಲಿ ಕಂಡ್ನಂತೆ. ಯಾವಳಿಗೋ ಈ ಬಳೆಗಾರನ ಹತ್ರಾನೇ ಬಳೆ ಹಾಕಿಸ್ತಾ ಕೂತಿದ್ನಂತೆ. ಕೂಸು ಬೇರೆ ತೊಡೆ ಮ್ಯಾಲೆ. ಬಳೆಗಾರನ್ನ ಗುರುತು ಹಿಡಿದು ಮುಖ ತಿರುಗಿಸ್ಕಂಡ್ನಂತೆ."

"ನಂಗ್ಯಾಕ್ ಹೇಳ್ಲಿಲ್ಲ?"

"ಗಂಡ ಸತ್ತೋಳ್ನ ಕಂಡ್ರೆ ಜನ ಅಯ್ಯೋ ಅಂತಾರೆ ಮಗಾ. ಗಂಡ ಬಿಟ್ಟೋಳ್ನ ಕಂಡ್ರೆ ಇವ್ಳಲ್ಲೇ ಏನೋ ಐಬಿತ್ತು ಅಂತಾರೆ. ಅಯ್ಯೋ ಅಂತಾನೇ ಅನ್ಲಿ ಅಂದ್ಕಂಡೆ. ಆ ಕೆಂಡಮ್ಮನ ಹೆಸ್ರು ಬಂತಲ್ಲ, ಅವ್ಳ ತಲೆ ಮೇಲೆ ಹಾಕ್ಬಿಡಾಣ ಅಂದ್ಕಂಡೆ."

ನನಗೆ ಇವತ್ತಿಗೂ ಅಜ್ಜಿಯ ಮೇಲೆ ಪೂರ್ತಿ ಸಿಟ್ಟು ಮಾಡಲು ಆಗುವುದಿಲ್ಲ. ಕೆಂಡಮ್ಮನನ್ನು ಅವಳೂ ನಂಬಿರಲಿಲ್ಲ. ಊರು ನಂಬಿದ್ದರಿಂದ ಮಗಳಿಗೆ ಒಂದು ಮರ್ಯಾದೆಯ ದಾರಿ ಸಿಕ್ಕಿತು ಎಂದುಕೊಂಡಳು, ಅಷ್ಟೇ. ಬಳೆ ಒಡೆಸಿ ಮರ್ಯಾದೆ ಉಳಿಸುವ ಲೆಕ್ಕ.

ಅತ್ತೆ ಸ್ಟೇಷನ್ನಿನ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ಹಂಗಾದ್ರೆ ಕಂಡಮ್ಮ ಆ ಎಂಜಿನ್ನಲ್ಲ ಕಣವ್ವ. ನಾನು."

ಹೇಳಿ ಅತ್ತಳು. ಎಂಜಿನ್ನು ತಿಂದಿತು ಎಂದು ಊರೆಲ್ಲ ಆಡಿಕೊಂಡಾಗ ಅಳದವಳು ಅವತ್ತು ದಾರಿಯ ಮೇಲೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನು ಬಾಯಿಬಿಟ್ಟು ಹೇಳದೆ ಇದ್ದಿದ್ದರೇ ಚೆನ್ನಾಗಿತ್ತೇನೋ ಎನ್ನಿಸಿತು. ಬಾಯಿ ಬಿಟ್ಟದ್ದಕ್ಕೆ ಬಳೆ ಉಳಿಯಿತು ಎಂದೂ ಎನ್ನಿಸಿತು. ಇವೆರಡರಲ್ಲಿ ಯಾವುದು ಸರಿ ಎಂದು ಈಗಲೂ ನನಗೆ ಗೊತ್ತಿಲ್ಲ.

ಬಳೆಗಾರ ಮುಂದಿನ ಸಲ ಬಂದಾಗ ನಮ್ಮ ಮನೆಯನ್ನು ದಾಟಿ ಹೋಗಲು ನೋಡಿದ. ಅತ್ತೆಯೇ ಬೀದಿಗಿಳಿದು ಕರೆದಳು. ಜಗಲಿಯಲ್ಲಿ ಕೂತು ಎರಡೂ ಕೈ ಚಾಚಿದಳು.

"ಹಸಿರು ಬಳೆ ಹಾಕಣ್ಣ. ಕೈ ತುಂಬ ಹಾಕು."

ಅವನು ಅಜ್ಜಿಯ ಮುಖ ನೋಡಿದ. ಅತ್ತೆ, "ಅವ್ವನ್ನ ಏನ್ ನೋಡ್ತೀಯ? ಬಳೆ ನಾನು ತೊಟ್ಲಲ್ಲಿದ್ದಾಗ್ಲಿಂದ ಹಾಕ್ಕಂಡಿದೀನಿ. ಅವ್ನು ಕಟ್ಟಿದ್ದು ತಾಳಿ ಒಂದೇ" ಎಂದಳು. ಕೈ ತುಂಬಿದ ಮೇಲೆ ಒಳಗೆ ಹೋಗಿ ತಾಳಿ ಬಿಚ್ಚಿ ತಂದು ಅಜ್ಜಿಯ ಮಡಿಲಿಗೆ ಹಾಕಿದಳು. "ಇದ್ನ ನೀನಿಟ್ಕೋ. ನೀನು ಹೇಳಿದ್ದಕ್ಕೆ ಕಟ್ಟಿಸ್ಕಂಡಿದ್ದು." ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎರಡು ಸಿಳ್ಳಿಗೆ ಅತ್ತೆ ಹಿತ್ತಲಿಗೆ ಹೋಗುವುದು ನಿಂತಿತು. ಮನೆಯಲ್ಲಿ ಯಾರಾದರೂ ಸಾರಿಗೆ ಉಪ್ಪು ಕಡಿಮೆ ಎಂದರೆ, "ಕಂಡಮ್ಮನ ಕೈ ಅಡ್ಗೆ, ತಿಂದ್ರೆ ತಿನ್ನಿ" ಎನ್ನುವುದನ್ನು ಕಲಿತಳು. ನಗುತ್ತಲೇ ಹೇಳುತ್ತಿದ್ದಳು. ಕೇಳಿದಾಗಲೆಲ್ಲ ನನಗೆ ಚುರುಕ್ ಎನ್ನುತ್ತಿತ್ತು. ಅಜ್ಜಂಪುರದ ಮೈದುನನಿಗೆ ಅಣ್ಣ ಇರುವ ಜಾಗ ಮೊದಲೇ ಗೊತ್ತಿತ್ತು ಎಂದು ನನ್ನ ಅನುಮಾನ. ಆದರೆ ಸಾಕ್ಷಿ ಇಲ್ಲ. ಅಷ್ಟೇ ಏಕೆ, ದಾವಣಗೆರೆಯಲ್ಲಿ ಬಳೆಗಾರ ಕಂಡದ್ದು ಮಾವನನ್ನೋ, ಮಾವನಂಥ ಇನ್ನೊಬ್ಬನನ್ನೋ ಎಂದೂ ಅನುಮಾನ. ಅಪ್ಪ ಎರಡು ಸಲ ಹೋಗಿ ಹುಡುಕಿದ. ಸಿಗಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ, ಇದ್ದ ಸುದ್ದಿಯೂ ಬರಲಿಲ್ಲ. ಹನ್ನೆರಡು ವರ್ಷ ಆದಾಗ ಯಾರೋ ಬಳೆ ತೆಗೆಸುವ ಮಾತೆತ್ತಿದರು. ಅತ್ತೆ ಅವರನ್ನು ಬಾಗಿಲಲ್ಲೇ ತಡೆದು ಮಾತಾಡಿಸಿ ಕಳಿಸಿದಳು.

ಎಂಜಿನ್ನನ್ನು ಒಂದು ಯುದ್ಧದ ಕಾಲದಲ್ಲಿ ಕಬ್ಬಿಣ ಬೇಕೆಂದು ಬಿಚ್ಚಿ ಒಯ್ದರು. ಕಟ್ಟೆ ಉಳಿಯಿತು. ಸ್ಟೇಷನ್ ಮಾಸ್ಟರು ಅಷ್ಟು ಬಿಡಿಸಿ ಹೇಳಿದ್ದರೂ ಪೂಜೆಯೇನೂ ನಿಂತಿರಲಿಲ್ಲ. ಎಂಜಿನ್ನು ಹೋದ ಮೇಲೆ ಯಾರೋ ಒಂದು ಕಲ್ಲು ನಿಲ್ಲಿಸಿದರು, ಕುಂಕುಮ ಹಚ್ಚಿದರು. ಕೆಂಡಮ್ಮ ಬೇಡಿದ್ದನ್ನು ಕೊಡುತ್ತಾಳೆ ಎಂದು ಹಿರೇನಲ್ಲೂರಿನ ಕಡೆಯವರೂ ಬರತೊಡಗಿದರು.

ಅತ್ತೆ ತೀರಿಕೊಂಡದ್ದು ನಮ್ಮ ಮನೆಯಲ್ಲೇ, ಬಹಳ ವರ್ಷಗಳ ಮೇಲೆ. ಆ ಹೊತ್ತಿಗೆ ಅಜ್ಜಿ ಇರಲಿಲ್ಲ, ಅಪ್ಪ ಇರಲಿಲ್ಲ, ಹೇಳುವವಳು ಕೇಳುವವಳು ನಾನೇ. ಮೀಯಿಸಿ ಹೊಸ ಸೀರೆ ಉಡಿಸಿ ಮಲಗಿಸಿದರು. ಮೀಯಿಸುವಾಗ ಬಳೆಗಳನ್ನು ತೆಗೆದಿದ್ದರು. ಅವನ್ನು ಮತ್ತೆ ಹಾಕಬೇಕೋ ಬೇಡವೋ ಎಂದು ಸೇರಿದ್ದ ಹೆಂಗಸರಲ್ಲಿ ಪಿಸುಮಾತು ಎದ್ದಿತು. ಕೊನೆಗೆ ಅವರಲ್ಲಿ ಹಿರಿಯಳಾದ ಒಬ್ಬ ಮುದುಕಿ ನನ್ನನ್ನೇ ಕೇಳಿದಳು. ಅವಳಿಗೆ ಕಿವಿ ಸ್ವಲ್ಪ ಮಂದ.

"ಮುತ್ತೈದೆ ಅಂತ ಕಳಿಸ್ಬೇಕೋ, ಹೆಂಗೆ ತಾಯಿ? ಇವ್ಳ ಗಂಡ ಇದಾನೋ, ಹೋದ್ನೋ?"

ಹಾಲಿನಲ್ಲಿ ನೀರು ಹುಡುಕುವ ನನಗೆ ಈ ಪ್ರಶ್ನೆಗೆ ಉತ್ತರ ಜೀವಮಾನವಿಡೀ ಸಿಕ್ಕಿರಲಿಲ್ಲ. ಸಿಟ್ಟು ಬಂತು. ಸತ್ತ ಮೇಲೂ ಅವನನ್ನು ಕೇಳಿಯೇ ಇವಳ ಕೈಗೆ ಬಳೆ ಹಾಕಬೇಕೆ?

"ಅವ್ನು ಕಂಡಮ್!" ಎಂದು ಮುದುಕಿಯ ಕಿವಿಯ ಹತ್ತಿರ ಕೂಗಿದೆ. "ಕಂಡಮ್ ಆಗಿ ಎಷ್ಟೋ ವರ್ಷ ಆಯ್ತು. ಇವ್ಳಿಗೆ ಬಳೆ ಹಾಕಿ!"

ಮುದುಕಿಯ ಮುಖ ಬದಲಾಯಿತು. ಎರಡೂ ಕೈ ಎತ್ತಿ ಸ್ಟೇಷನ್ನಿನ ದಿಕ್ಕಿಗೆ ಮುಗಿದಳು.

"ಕೆಂಡಮ್ಮನೇ ಹೇಳಿದ್ಮೇಲೆ ಇನ್ನೇನೈತೆ? ಕೊಡ್ರೇ ಬಳೆ" ಎಂದಳು.

ನಾನು ತಿದ್ದಲಿಲ್ಲ. ಅವರು ಒಂದೊಂದಾಗಿ ಹಸಿರು ಬಳೆ ಏರಿಸುತ್ತಿದ್ದರು, ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ.